ಈ ಜಾಗ ಹಳ್ಳ ಅಂತ ಕಂಪ್ಯೂಟರಿಗೂ ಗೊತ್ತಾಗಲಿ

ಮಾನ್ಯ ನಗರಾಭಿವೃದ್ಧಿ ಸಚಿವರಿಗೆ ನಮಸ್ಕಾರ,

ಹೋದ ವರ್ಷ ಬೆಂಗಳೂರಿನ ಹೊರವಲಯದಲ್ಲಿ ಒಂದು ಸೈಟು ನೋಡಲು ಹೋಗಿದ್ದೆ. ಗ್ರಾಮ ನಕ್ಷೆಯಲ್ಲಿ ಅದರ ಅಂಚಿಗೆ ಎರಡು ಡೊಂಕು ಗೆರೆ, ಅಂದರೆ ಹಳ್ಳ. ಪಹಣಿಯಲ್ಲಿ ಅದೇ ಜಾಗ ನಾಲ್ಕು ಗುಂಟೆ 'ಬಿ ಖರಾಬು', ಅಂದರೆ ಎಲ್ಲರ ಬಳಕೆಗೆ ಬಿಟ್ಟ ನೆಲ. ಯೋಜನಾ ನಕ್ಷೆಯಲ್ಲಿ ಪೂರ್ತಿ ಹಳದಿ ಬಣ್ಣ, ವಸತಿ ಪ್ರದೇಶ. ಮೂರನ್ನೂ ಒಂದು ಕಚೇರಿಯ ಮೇಜಿನ ಮೇಲೆ ಹರಡಿ ಕೇಳಿದೆ. 'ಅದೆಲ್ಲ ನಮಗೆ ಬರಲ್ಲ' ಅಂದರು. ಪಕ್ಕದ ತೋಟದ ಅಜ್ಜ ಮಾತ್ರ ಕೈ ತೋರಿಸಿ, 'ಮೇಲಿನ ಕೆರೆ ಕೋಡಿ ಬಿದ್ರೆ ನೀರು ಇಲ್ಲೇ ಬರೋದು ಕಣಪ್ಪಾ' ಅಂದರು.

ನಮ್ಮಲ್ಲಿ ಕಂಪ್ಯೂಟರಿಗೆ ಕೊರತೆ ಇಲ್ಲ. ಸರ್ಕಾರದ ಭೂದಾಖಲೆ ವ್ಯವಸ್ಥೆ 'ಭೂಮಿ'ಯಲ್ಲಿ ಪಹಣಿ ಸಿಗುತ್ತದೆ. 'ದಿಶಾಂಕ್' ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರೇ ಬರುತ್ತದೆ. ಆದರೆ ಹಳ್ಳ, ಬಿ ಖರಾಬು, ಹಳದಿ ಬಣ್ಣ ಮೂರೂ ಒಂದೇ ನೆಲ ಅಂತ ಅಜ್ಜನಿಗೆ ಗೊತ್ತಿರುವುದು ಆ ಕಂಪ್ಯೂಟರಿಗೆ ಗೊತ್ತಿಲ್ಲ.

ಅದನ್ನು ಕಲಿಸುವ ವಿಧಾನಕ್ಕೆ ಆಂಟಾಲಜಿ ಅನ್ನುತ್ತಾರೆ. ಯಾವುದು ಯಾವುದಕ್ಕೆ ಏನಾಗಬೇಕು ಅಂತ ಒಂದು ಕಡೆ ಬರೆದಿಡುವುದು, ಅಷ್ಟೇ. ಕೆರೆಗೆ ಏರಿ, ತೂಬು, ಕೋಡಿ ಇರುತ್ತವೆ. ಕೋಡಿ ನೀರು ಕಾಲುವೆ ಹಿಡಿದು ಕೆಳಗಿನ ಕೆರೆ ಸೇರುತ್ತದೆ. ಎ ಖರಾಬು ಬೇಸಾಯಕ್ಕೆ ಬಾರದ ನೆಲ. ಬಿ ಖರಾಬು ದಾರಿ, ಹಳ್ಳದಂಥ ಎಲ್ಲರ ಸ್ವತ್ತು. ಇವೆರಡನ್ನೂ ಸುಮ್ನೆ 'ಖರಾಬು' ಅಂತ ಒಂದೇ ಕಾಲಮಿಗೆ ತುಂಬಿದರೆ ಹಳ್ಳ ಅಲ್ಲೇ ಕಳೆದುಹೋಗುತ್ತದೆ, ಅಲ್ವಾ?

ಮಳೆನೀರು ಹರಿಯುವ ರಾಜಕಾಲುವೆ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗವನ್ನೇ ನೋಡಿ. ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್ ಆದ ಆರ್‌ಎಂಪಿ-2015ರಲ್ಲಿ ಕಾಲುವೆಯ ದರ್ಜೆ ನೋಡಿಕೊಂಡು 50, 25, 15 ಮೀಟರ್, ಅದೂ ಕಾಲುವೆಯ ನಡುವಿನಿಂದ. 2016ರಲ್ಲಿ ಹಸಿರು ನ್ಯಾಯಮಂಡಳಿ ಅಂಚಿನಿಂದ 50, 35, 25 ಅಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಯಾವ ಕಾಲುವೆ, ಯಾವ ದರ್ಜೆ, ಅಳತೆ ಎಲ್ಲಿಂದ ಅಂತ ದಾಖಲೆಯಲ್ಲೇ ಹೆಣೆದಿದ್ದರೆ, ನಿಯಮ ಬದಲಾದ ದಿನವೇ ಯಾವ ಯಾವ ಸೈಟಿಗೆ ತಾಗುತ್ತದೆ ಅಂತ ತಿಳಿಯುತ್ತಿತ್ತು. ಈಗ ಮನೆ ಕಟ್ಟಿದ ಮೇಲೆ ಒತ್ತುವರಿ ಅಂತ ಗೋಡೆಗೆ ಕೆಂಪು ಗುರುತು ಬೀಳುತ್ತದೆ. ಸಾಲ ತೀರಿಸುತ್ತಿರುವವರಿಗೆ ಅದೆಂಥ ಆಘಾತ!

ಯುರೋಪ್ ಒಕ್ಕೂಟ 2007ರಲ್ಲೇ 'ಇನ್‌ಸ್ಪೈರ್' ನಿರ್ದೇಶನ ತಂದು, ನೆಲ ನೀರಿನ ಮಾಹಿತಿಯನ್ನು 34 ವಿಷಯಗಳಡಿ ಎಲ್ಲ ಸದಸ್ಯ ದೇಶಗಳಿಗೂ ಒಂದೇ ಅರ್ಥ ಬರುವಂತೆ ಜೋಡಿಸಲು ಹೊರಟಿತು. ನಮಗೆ ಮೊದಲು ಒಂದು ಹೋಬಳಿ, ಒಂದು ಕೆರೆಸಾಲು ಸಾಕು. ಸರ್ವೆಯರ್, ಗ್ರಾಮ ಆಡಳಿತಾಧಿಕಾರಿ, ನಗರ ಯೋಜಕರನ್ನು ಒಟ್ಟಿಗೆ ಕೂರಿಸಿ. ಕೆರೆ ನೀರು ಬಿಡುವ ನೀರುಗಂಟಿಯನ್ನು ಮರೆಯಬೇಡಿ, ಜಾಸ್ತಿ ಗೊತ್ತಿರುವುದು ಅವರಿಗೇ. ಅವರು ಹೇಳಿದ ಪದಗಳನ್ನು ಹಾಗೇ ಬರೆದುಕೊಳ್ಳಿ. ಬರೆದದ್ದನ್ನು ಜನರಿಗೂ ತೆರೆದಿಡಿ.

ಆ ಸೈಟು ನಾನು ಕೊಳ್ಳಲಿಲ್ಲ. ಮೊನ್ನೆ ಆ ದಾರಿಯಲ್ಲಿ ಹೋದಾಗ ಹಳ್ಳದೊಳಗೆ ಯಾರೋ ಕಲ್ಲು ನೆಟ್ಟಿದ್ದರು. ಅಡಿಪಾಯ ಬೀಳುವ ಮೊದಲು ಕೆಲಸ ಶುರು ಮಾಡಿಸಿ ಸಾರ್.

ಇಂತಿ,
ಬೆಂಗಳೂರಿನ ಒಬ್ಬ ನಾಗರಿಕ