ರೋಲಿಂಗ್ ರೋಡ್ ಟ್ಯೂನಿಂಗ್‌ಗೆ ಇನ್ನು ಎರಡು ಸಲ ಬರಬೇಕು, ಯಾಕೆ ಅಂದರೆ...

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳಿಂದ ಹಳೆಯ ಕಾರುಗಳ ರೋಲಿಂಗ್ ರೋಡ್ (ಚಕ್ರಗಳು ರೋಲರ್ ಮೇಲೆ ತಿರುಗುವ ಹಾಗೆ ಕಾರನ್ನು ನಿಲ್ಲಿಸುವ ಯಂತ್ರ) ಟ್ಯೂನಿಂಗ್ ನಮ್ಮಲ್ಲಿ ಬೇರೆ ರೀತಿ ನಡೆಯಲಿದೆ. ಇಷ್ಟು ದಿನ ಬೆಳಿಗ್ಗೆ ಕಾರು ಬಿಟ್ಟು ಸಂಜೆ ತೆಗೆದುಕೊಂಡು ಹೋಗುತ್ತಿದ್ದಿರಿ. ಇನ್ನು ಮೇಲೆ ಮೊದಲ ಸಲ ಬಂದಾಗ ತಪಾಸಣೆ ಮಾತ್ರ. ಇಂಜಿನ್ ಗಟ್ಟಿಯಾಗಿದೆ ಎಂದು ಖಾತ್ರಿಯಾದರೆ ಇನ್ನೊಂದು ದಿನ ಕಾರನ್ನು ರೋಲರ್ ಮೇಲೆ ಏರಿಸುತ್ತೇವೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಮತ್ತು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಎಲ್ಲ ಕಾರುಗಳಿಗೂ ಇದೇ ಕ್ರಮ.

ಎರಡು ಸಲ ಓಡಾಡುವುದು ಯಾರಿಗೂ ಇಷ್ಟವಿಲ್ಲ, ಗೊತ್ತು. ಅದಕ್ಕೇ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತಿದ್ದೇವೆ.

ರೋಲಿಂಗ್ ರೋಡ್ ಎಂದರೆ ಬರೀ ಹಾರ್ಸ್‌ಪವರ್ ಅಳೆಯುವ ಯಂತ್ರ ಎಂದು ತುಂಬಾ ಜನ ತಿಳಿದಿದ್ದಾರೆ. ಅದರ ನಿಜವಾದ ಉಪಯೋಗ ಬೇರೆ. ನಿಂತ ಕಾರನ್ನು ಎಷ್ಟು ರೇಸ್ ಮಾಡಿದರೂ ಇಂಜಿನ್ ಮೇಲೆ ಲೋಡ್ ಬೀಳುವುದಿಲ್ಲ. ರೋಲರ್‌ಗೆ ಬ್ರೇಕ್ ಇರುತ್ತದೆ. ಕಾರು ಏರು ಹತ್ತುತ್ತಿರುವ ಹಾಗೆ, 2,500 ಆರ್‌ಪಿಎಂನಲ್ಲಿ, ಅರ್ಧ ಆಕ್ಸಿಲರೇಟರ್‌ನಲ್ಲಿ, ನಮಗೆ ಬೇಕಾದಷ್ಟು ಹೊತ್ತು ಅದನ್ನು ಹಿಡಿದಿಡಬಹುದು. ಆಗ ಸೈಲೆನ್ಸರ್ ಪೈಪಿನಲ್ಲಿ ಕೂರಿಸಿದ ಲ್ಯಾಂಬ್ಡಾ ಸೆನ್ಸರ್ ಮಿಕ್ಸ್ಚರ್, ಅಂದರೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ, ಹೇಗಿದೆ ಎಂದು ತೋರಿಸುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇದಕ್ಕಿಂತ ರಿಚ್ ಇರಬೇಕು, ಅಂದರೆ ಪೆಟ್ರೋಲ್ ಪಾಲು ಹೆಚ್ಚಿರಬೇಕು. ಸಾಮಾನ್ಯವಾಗಿ 12.5ರಿಂದ 13ರ ನಡುವೆ ಇಂಜಿನ್ ಚೆನ್ನಾಗಿ ಎಳೆಯುತ್ತದೆ. ಆ ಅಂಕಿ ನೋಡಿಕೊಂಡೇ ನಾವು ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಪ್ರಮಾಣ ನಿರ್ಧರಿಸುವ ಜೆಟ್ ಅಥವಾ ನೀಡಲ್ ಬದಲಾಯಿಸುವುದು.

ತೊಂದರೆ ಶುರುವಾಗುವುದು ಇಲ್ಲೇ. ಲ್ಯಾಂಬ್ಡಾ ಸೆನ್ಸರ್ ಪೆಟ್ರೋಲ್ ಅಳೆಯುವುದಿಲ್ಲ, ಹೊಗೆಯಲ್ಲಿರುವ ಆಮ್ಲಜನಕ ಅಳೆಯುತ್ತದೆ. ಒಂದು ಪ್ಲಗ್ ಆಗಾಗ ಮಿಸ್ ಆಗುತ್ತಿದೆ ಎಂದುಕೊಳ್ಳಿ. ಆ ಸಿಲಿಂಡರ್‌ನ ಗಾಳಿ ಉರಿಯದೆ ಹಾಗೇ ಹೊರಗೆ ಬರುತ್ತದೆ. ಸೆನ್ಸರ್ ಅದನ್ನು ನೋಡಿ ಮಿಕ್ಸ್ಚರ್ ಲೀನ್ ಇದೆ, ಅಂದರೆ ಪೆಟ್ರೋಲ್ ಕಡಿಮೆ ಇದೆ ಅನ್ನುತ್ತದೆ. ಅದನ್ನು ನಂಬಿ ಪೆಟ್ರೋಲ್ ಜಾಸ್ತಿ ಕೊಟ್ಟರೆ ಸರಿಯಿದ್ದ ಸಿಲಿಂಡರ್‌ಗಳೂ ಕೆಡುತ್ತವೆ, ಪ್ಲಗ್‌ಗಳು ಕಪ್ಪಾಗುತ್ತವೆ, ಮಿಸ್ಸಿಂಗ್ ಇನ್ನೂ ಹೆಚ್ಚುತ್ತದೆ. ಸೈಲೆನ್ಸರ್ ಪೈಪಿನ ಜಾಯಿಂಟ್‌ನಲ್ಲಿ ಸಣ್ಣ ಸೋರಿಕೆ ಇದ್ದರೂ ಇದೇ ಕಥೆ. ಅಲ್ಲಿಂದ ಹೊರಗಿನ ಗಾಳಿ ಒಳಗೆ ಸೇರಿ ಅಂಕಿ ತಪ್ಪುತ್ತದೆ.

ಡಿಸ್ಟ್ರಿಬ್ಯೂಟರ್ ಇನ್ನೂ ಕಿಲಾಡಿ. ಅದರೊಳಗೆ ಎರಡು ತೂಕದ ತುಂಡು, ಎರಡು ಸ್ಪ್ರಿಂಗ್ ಇರುತ್ತವೆ. ಇಂಜಿನ್ ವೇಗ ಹೆಚ್ಚಿದಂತೆ ಆ ತುಂಡುಗಳು ಹೊರಗೆ ಸರಿದು ಟೈಮಿಂಗ್ ಮುಂದೆ ತಳ್ಳುತ್ತವೆ, ಅಂದರೆ ಕಿಡಿ ಬೇಗ ಹಾರುತ್ತದೆ. ವರ್ಷಗಟ್ಟಲೆ ಎಳೆದಾಡಿ ಸ್ಪ್ರಿಂಗ್ ಸಡಿಲವಾದರೆ ಈ ಅಡ್ವಾನ್ಸ್ ಬೇಗ ಬರುತ್ತದೆ, ಏರಿನಲ್ಲಿ ಇಂಜಿನ್ ನಾಕ್ ಮಾಡುತ್ತದೆ, ಅಂದರೆ ಒಳಗೆ ಟಕಟಕ ಬಡಿಯುತ್ತದೆ. ಆಗ ಯಾರೋ ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಹಿಂದೆ ಹಾಕುತ್ತಾರೆ. ನಾಕಿಂಗ್ ನಿಲ್ಲುತ್ತದೆ, ಜೊತೆಗೆ ಪಿಕಪ್ ಕೂಡ ಹೋಗುತ್ತದೆ. ಆಮೇಲೆ ಪಿಕಪ್ ಇಲ್ಲ ಎಂದು ಕಾರ್ಬುರೇಟರ್ ಬಿಚ್ಚುತ್ತಾರೆ. ನಮ್ಮ ಬಳಿ ಬರುವ ಎಷ್ಟೋ ಕಾರುಗಳಲ್ಲಿ ಕಾರ್ಬುರೇಟರ್‌ದು ಏನೂ ತಪ್ಪಿರುವುದಿಲ್ಲ, ಪಾಪ. ಡಿಸ್ಟ್ರಿಬ್ಯೂಟರ್ ಒಳಗೆ ಕಿಡಿ ಹಾರಿಸುವ ಸ್ವಿಚ್ಚಿನಂಥ ಪಾಯಿಂಟ್‌ನ ಗ್ಯಾಪ್ ಬದಲಾದರೂ ಟೈಮಿಂಗ್ ಬದಲಾಗುತ್ತದೆ. ಅದಕ್ಕೇ ಮೊದಲು ಪಾಯಿಂಟ್, ಆಮೇಲೆ ಟೈಮಿಂಗ್, ಕೊನೆಗೆ ಮಿಕ್ಸ್ಚರ್. ಈ ಕ್ರಮ ತಲೆಕೆಳಗಾದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕು.

ಇಂಥ ದೋಷ ರೋಲರ್ ಮೇಲೆ ಕಾರಿರುವಾಗ ಕಂಡರೆ ಅರ್ಧ ದಿನ ಅದಕ್ಕೇ ಹೋಗುತ್ತದೆ. ಬೇಕಾದ ಬಿಡಿಭಾಗ ಸಿಗದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಅಷ್ಟು ಹೊತ್ತಿನ ರೋಲರ್ ಬಾಡಿಗೆಯನ್ನು ಸುಮ್ನೆ ನೀವು ಯಾಕೆ ಕೊಡಬೇಕು?

ಹಾಗಾಗಿ ಮೊದಲ ಭೇಟಿಯಲ್ಲಿ ಇಂಜಿನ್ ಬಿಸಿ ಮಾಡಿ, ಎಲ್ಲ ಪ್ಲಗ್ ಬಿಚ್ಚಿ, ಥ್ರಾಟಲ್ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಪೂರ್ತಿ ತೆರೆದು ಕಂಪ್ರೆಷನ್, ಅಂದರೆ ಸಿಲಿಂಡರ್‌ನೊಳಗಿನ ಒತ್ತಡ, ನೋಡುತ್ತೇವೆ. ಒಂದು ಸಿಲಿಂಡರ್ ಉಳಿದವುಗಳಿಗಿಂತ ತೀರಾ ಕಡಿಮೆ ಇದ್ದರೆ ಟ್ಯೂನಿಂಗ್‌ನಿಂದ ಏನೂ ಆಗುವುದಿಲ್ಲ, ಮೊದಲು ವಾಲ್ವ್ ಅಥವಾ ರಿಂಗ್ ಕೆಲಸ ಆಗಬೇಕು. ಟ್ಯಾಪೆಟ್, ಪಾಯಿಂಟ್, ಪ್ಲಗ್ ವೈರ್, ವ್ಯಾಕ್ಯೂಮ್ ಪೈಪ್, ಪೆಟ್ರೋಲ್ ಪಂಪಿನ ಒತ್ತಡ ಇವೆಲ್ಲ ಅದೇ ದಿನ ಮುಗಿಯುತ್ತವೆ. ಕಾರ್ಬುರೇಟರ್‌ನಲ್ಲಿ ನಾವು ಮುಖ್ಯವಾಗಿ ನೋಡುವುದು ಥ್ರಾಟಲ್ ಸ್ಪಿಂಡಲ್, ಅಂದರೆ ಆ ಬಾಗಿಲು ತಿರುಗುವ ಕಡ್ಡಿ. ಅದು ಸವೆದು ಅಲ್ಲಾಡುತ್ತಿದ್ದರೆ ಪಕ್ಕದಿಂದ ಗಾಳಿ ಎಳೆಯುತ್ತದೆ, ಯಾವ ಸ್ಕ್ರೂ ತಿರುಗಿಸಿದರೂ ಐಡ್ಲಿಂಗ್ ಒಂದೇ ಸಮ ನಿಲ್ಲುವುದಿಲ್ಲ.

ಟೈರ್ ಬಗ್ಗೆ ಮಾತ್ರ ನಾವು ಸ್ವಲ್ಪ ಹಠಮಾರಿಗಳು. ರೋಲರ್ ಮೇಲೆ ಟೈರ್ ರಸ್ತೆಗಿಂತ ಹೆಚ್ಚು ಬಾಗುತ್ತದೆ, ಬೇಗ ಬಿಸಿಯಾಗುತ್ತದೆ. ವರ್ಷಕ್ಕೆ ನಾಲ್ಕು ಸಲ ಹೊರಗೆ ಬರುವ ಕಾರಿನ ಟೈರ್ ನೋಡಲು ಹೊಸದರಂತೆಯೇ ಇರುತ್ತದೆ, ರಬ್ಬರ್ ಮಾತ್ರ ಒಣಗಿರುತ್ತದೆ. ಟೈರ್ ಪಕ್ಕದಲ್ಲಿ DOT ಎಂದು ಶುರುವಾಗುವ ಕೋಡ್‌ನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾಗಿದ್ದು ಎಂದರ್ಥ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರ್. ಅದನ್ನು ಹಾಕಿಕೊಂಡು ನಮ್ಮಲ್ಲಿಗೆ ಬರಬೇಡಿ. ಬೇರೆ ಎಲ್ಲಿಗೂ ಹೋಗಬೇಡಿ.

ರೋಲರ್ ದಿನ ನೀವು ಯಾವಾಗಲೂ ಹಾಕಿಸುವ ಪೆಟ್ರೋಲ್ ತುಂಬಿಸಿಕೊಂಡೇ ಬನ್ನಿ. ಎಥೆನಾಲ್ ಬೆರೆತ ಪೆಟ್ರೋಲ್ ಉರಿಯಲು ಕಡಿಮೆ ಗಾಳಿ ಸಾಕು. ಅಂದರೆ ಕಾರು ಕಂಪನಿಯ ಹಳೆಯ ಪುಸ್ತಕದಲ್ಲಿ ಹೇಳಿದ ಜೆಟ್ ಇಟ್ಟರೆ ಇಂಜಿನ್ ಸ್ವಲ್ಪ ಲೀನ್ ಆಗಿ ಓಡುತ್ತದೆ. ಒಂದು ಪೆಟ್ರೋಲ್‌ನಲ್ಲಿ ಟ್ಯೂನ್ ಮಾಡಿಸಿ ಇನ್ನೊಂದರಲ್ಲಿ ಓಡಿಸಿದರೆ ಲೆಕ್ಕ ಕೂಡುವುದಿಲ್ಲ ಅಲ್ವಾ?

ಕೊನೆಗೆ ಕೊಡುವ ಹಾಳೆಯೂ ಬದಲಾಗುತ್ತದೆ. ಗರಿಷ್ಠ ಪವರ್ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಮೇಲೆ ಹಾಕುವುದನ್ನು ಬಿಡುತ್ತಿದ್ದೇವೆ. ಮೊದಲಿಗೆ ಟಾರ್ಕ್ (ಇಂಜಿನ್ ತಿರುಗಿಸುವ ಬಲ) ಗ್ರಾಫ್, ಅದರ ಕೆಳಗೆ ಕಡಿಮೆ, ಮಧ್ಯಮ ಮತ್ತು ಪೂರ್ತಿ ಲೋಡ್‌ನಲ್ಲಿ ಮಿಕ್ಸ್ಚರ್ ಹಾಗೂ ಟೈಮಿಂಗ್ ಇರುತ್ತದೆ. ಚಕ್ರದ ಬಳಿ ಅಳೆದ ಪವರ್ ಪುಸ್ತಕದ ಅಂಕಿಗಿಂತ ಕಡಿಮೆ ಬರುವುದು ಸಹಜ. ಪುಸ್ತಕದ್ದು ಇಂಜಿನ್‌ನಲ್ಲೇ ಅಳೆದದ್ದು. ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಟೈರ್ ತಮ್ಮ ಪಾಲು ತಿಂದು ಉಳಿದದ್ದು ಚಕ್ರಕ್ಕೆ ಬರುತ್ತದೆ. 1972ಕ್ಕಿಂತ ಹಿಂದಿನ ಅಮೆರಿಕನ್ ಕಾರುಗಳದ್ದಂತೂ ಹೆಚ್ಚಾಗಿ ಗ್ರಾಸ್ ಅಂಕಿ, ಫ್ಯಾನ್, ಏರ್ ಫಿಲ್ಟರ್ ಮುಂತಾದ್ದನ್ನು ಬಿಚ್ಚಿಟ್ಟು ಅಳೆದದ್ದು. ಸ್ನೇಹಿತರ ಕಾರಿಗೆ ಇನ್ನೊಂದು ರೋಲಿಂಗ್ ರೋಡ್‌ನಲ್ಲಿ ಬಂದ ಅಂಕಿಯ ಜೊತೆ ಹೋಲಿಸಿ ಬೇಜಾರು ಮಾಡಿಕೊಳ್ಳಬೇಡಿ. ಟ್ಯೂನಿಂಗ್‌ಗೆ ಮುಂಚೆ ಮತ್ತು ಆಮೇಲೆ, ಇದೇ ಯಂತ್ರದಲ್ಲಿ ಬಂದ ಎರಡು ಗೆರೆಗಳನ್ನು ಹೋಲಿಸಿ.

ಬಿಲ್ ಕೂಡ ಎರಡು ಭಾಗವಾಗುತ್ತದೆ. ತಪಾಸಣೆಗೆ ಒಂದು ನಿಗದಿತ ಮೊತ್ತ. ರೋಲರ್ ಕೆಲಸಕ್ಕೆ ಗಂಟೆ ಲೆಕ್ಕ. ತಪಾಸಣೆಯಲ್ಲಿ ರಿಪೇರಿ ಬೇಕೆಂದು ಕಂಡರೆ ಅದನ್ನು ನೀವು ಎಲ್ಲಿ ಬೇಕಾದರೂ ಮಾಡಿಸಬಹುದು, ಸ್ವತಃ ಮಾಡಿಕೊಂಡರೂ ಸರಿ. ಮುಗಿಸಿ ಬಂದ ಮೇಲೆ ಆ ಭಾಗ ಮಾತ್ರ ಮತ್ತೆ ನೋಡುತ್ತೇವೆ, ಅದಕ್ಕೆ ಹಣವಿಲ್ಲ. ಹೊಸದಾಗಿ ಇಂಜಿನ್ ಕಟ್ಟಿಸಿದವರು ರನ್ನಿಂಗ್ ಇನ್ (ಹೊಸ ಇಂಜಿನ್ ಪಳಗಲು ಮೊದಲು ಹಗುರವಾಗಿ ಓಡಿಸುವುದು) ಮುಗಿಸಿಯೇ ರೋಲರ್ ದಿನ ಗೊತ್ತು ಮಾಡಿ.

ಈಗಾಗಲೇ ಬುಕ್ ಮಾಡಿದವರು ಅದೇ ದಿನಕ್ಕೆ ಬನ್ನಿ. ಅಂದು ತಪಾಸಣೆ ಮಾಡುತ್ತೇವೆ, ರೋಲರ್‌ಗೆ ಬೇರೆ ದಿನ ಕೊಡುತ್ತೇವೆ. ದೂರದಿಂದ ಬರುವವರು ಮೊದಲೇ ತಿಳಿಸಿದರೆ ಎರಡೂ ದಿನಗಳನ್ನು ಒಂದರ ಹಿಂದೆ ಒಂದು ಇಟ್ಟುಕೊಳ್ಳಬಹುದು. ರಾತ್ರಿ ಕಾರು ನಮ್ಮ ಶೆಡ್‌ನಲ್ಲೇ ಇರಲಿ.

ಇಂತಿ,
ವರ್ಕ್‌ಶಾಪ್ ತಂಡ