ಹಳೆಯ ಟಿ.ವಿ.ಯ ಗಾಜಿಗೂ ಒಂದು ದಾರಿ ತೋರಿಸಿ

ಮಾನ್ಯ ಸಂಪಾದಕರೇ,

ಹಳೆಯ ಡಬ್ಬಾ ಟಿ.ವಿ.ಗಳಲ್ಲಿರುವ ಸೀಸದ ಬಗ್ಗೆ ತಮ್ಮ ಪತ್ರಿಕೆಯ ವಾಚಕರ ಪತ್ರಗಳಲ್ಲಿ ನಡೆಯುತ್ತಿರುವ ಚರ್ಚೆಯನ್ನು ಗಮನಿಸುತ್ತಾ ಬಂದಿದ್ದೇನೆ. ಅಟ್ಟದ ಮೇಲೆ ಇಟ್ಟ ಟಿ.ವಿ.ಯಿಂದಲೇ ಮನೆಮಂದಿಗೆ ವಿಷವೇರೀತು ಎಂದು ಒಬ್ಬರು ಆತಂಕಪಟ್ಟಿದ್ದಾರೆ. ಸೀಸವು ಗಾಜಿನಲ್ಲಿ ಕರಗಿ ಸೇರಿಹೋಗಿರುವುದರಿಂದ ಗಾಬರಿಗೆ ಕಾರಣವೇ ಇಲ್ಲ ಎಂದು ಇನ್ನೊಬ್ಬರು ಬರೆದಿದ್ದಾರೆ. ಐಟಿಐಯಲ್ಲಿ ಇಪ್ಪತ್ತಾರು ವರ್ಷ ರೇಡಿಯೊ, ಟಿ.ವಿ. ರಿಪೇರಿ ಕಲಿಸಿದ ನನಗೆ ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಕಾಣುತ್ತದೆ. ಟಿ.ವಿ.ಯೊಳಗಿನ ಗಾಜಿನ ಪಿಕ್ಚರ್ ಟ್ಯೂಬ್ ಒಡೆಯದೆ ಇರುವಷ್ಟು ದಿನ ಅದರ ಸೀಸ ಯಾರ ಮೈಗೂ ಸೇರುವುದಿಲ್ಲ. ಆದರೆ ನಮ್ಮಲ್ಲಿ ಮನೆಯಿಂದ ಹೊರಬಿದ್ದ ಟ್ಯೂಬ್ ಒಡೆಯದೆ ಉಳಿಯುವುದು ತೀರಾ ಅಪರೂಪ.

ಪಿಕ್ಚರ್ ಟ್ಯೂಬಿನ ಗಾಜು ಎಲ್ಲ ಕಡೆಯೂ ಒಂದೇ ಬಗೆಯದಲ್ಲ. ಕಲರ್ ಟಿ.ವಿ.ಯಲ್ಲಿ ಎಲೆಕ್ಟ್ರಾನುಗಳನ್ನು ಪರದೆಗೆ ಓಡಿಸಲು 20 ಸಾವಿರ ವೋಲ್ಟಿಗೂ ಮಿಕ್ಕಿದ ವಿದ್ಯುತ್ ಬೇಕಾಗುತ್ತದೆ. ಆಗ ಹುಟ್ಟುವ ಎಕ್ಸ್ ಕಿರಣಗಳು ನೋಡುವವರ ಮೈಗೆ ತಾಗದಿರಲೆಂದೇ ಗಾಜಿಗೆ ಸೀಸ ಬೆರೆಸುತ್ತಿದ್ದರು. ಮುಂದಿನ ಪರದೆಯಲ್ಲಿ ಸೀಸ ಅತ್ಯಲ್ಪ. ಹಿಂಭಾಗದ ಆಲಿಕೆಯಂಥ ಗಾಜಿನಲ್ಲಿ ಸೀಸದ ಆಕ್ಸೈಡ್ ಪ್ರಮಾಣ ಸುಮಾರು ಶೇ 22ರಿಂದ 25ರಷ್ಟಿದ್ದರೆ, ಕುತ್ತಿಗೆಯ ಗಾಜಿನಲ್ಲಿ ಅದಕ್ಕಿಂತ ಹೆಚ್ಚು. ಪರದೆಯನ್ನೂ ಆಲಿಕೆಯನ್ನೂ ಬೆಸೆದ ಅಂಚಿನ ಗಾಜಿನಲ್ಲಂತೂ ಬಹುಪಾಲು ಅದೇ. ನೋಡುವವರನ್ನು ಕಾಯಲೆಂದು ಸೇರಿಸಿದ ಆ ಒಂದೆರಡು ಕೆ.ಜಿ. ಸೀಸ, ಒಡೆಯುವವರ ಪಾಲಿಗೆ ವಿಷವಾಗಿ ಉಳಿದಿದೆ.

ಗಾಜು ಸೀಸವನ್ನು ಬಿಡುವುದಿಲ್ಲ ಎಂಬ ವಾದವನ್ನು ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು ಕಾಲು ಶತಮಾನದ ಹಿಂದೆಯೇ ಪರೀಕ್ಷೆಗೆ ಒಡ್ಡಿದ್ದಾರೆ. 30 ಕಲರ್ ಟ್ಯೂಬ್‌ಗಳ ಗಾಜನ್ನು ಪುಡಿಮಾಡಿ, ತಿಪ್ಪೆಯ ರಸವನ್ನು ಹೋಲುವ ದುರ್ಬಲ ಆಮ್ಲದಲ್ಲಿ ಕುಲುಕಿ ನೋಡಿದಾಗ, 21 ಟ್ಯೂಬ್‌ಗಳಿಂದ ಅಮೆರಿಕದ ಮಿತಿಯಾದ ಲೀಟರಿಗೆ 5 ಮಿಲಿಗ್ರಾಂ ಮೀರಿ ಸೀಸ ಹೊರಬಂದಿತು. ಕಪ್ಪು–ಬಿಳುಪು ಟ್ಯೂಬ್‌ಗಳು ಮಿತಿಯೊಳಗೇ ಇದ್ದವು ಎಂಬುದನ್ನೂ ಹೇಳಲೇಬೇಕು. ಗಾಜನ್ನು ಅಷ್ಟು ಸಣ್ಣಗೆ ಪುಡಿಮಾಡಿದ್ದು ಸರಿಯೇ, ನಿಜವಾದ ಕಸದ ಗುಂಡಿಯಲ್ಲಿ ಹಾಗಾಗುತ್ತದೆಯೇ ಎಂಬ ಆಕ್ಷೇಪ ಆ ದೇಶದಲ್ಲಿ ನ್ಯಾಯವಾದದ್ದಿರಬಹುದು. ಸುತ್ತಿಗೆಯಲ್ಲಿ ಒಡೆದ ಗಾಜನ್ನು ಲಾರಿ, ಜೆಸಿಬಿ ಚಕ್ರಗಳ ಕೆಳಗೆ ನುಣ್ಣಗಾಗಲು ಬಿಟ್ಟು, ಅದರ ಮೇಲೆ ಹುಳಿತ ಹಸಿ ಕಸ ಸುರಿಯುವ ನಮ್ಮ ಊರುಗಳಲ್ಲಿ ಆ ಆಕ್ಷೇಪ ನಿಲ್ಲುವುದಿಲ್ಲ.

ಕಳೆದ ಆಯುಧಪೂಜೆಯ ಮುನ್ನ, ಅಂಗಡಿ ಮನೆಗಳೆಲ್ಲ ಹಳೆಯ ಸಾಮಾನು ಹೊರಹಾಕುತ್ತಿದ್ದ ವಾರದಲ್ಲಿ, ನಮ್ಮ ಬಡಾವಣೆಯ ಗುಜರಿ ಶೆಡ್ಡಿನ ಮುಂದೆ ಹದಿನಾರು ಹದಿನೇಳರ ಹುಡುಗನೊಬ್ಬ ಟಿ.ವಿ. ಬಿಚ್ಚುತ್ತಿದ್ದ. ಟ್ಯೂಬಿನ ಕುತ್ತಿಗೆಗೆ ಸುತ್ತಿಗೆಯಿಂದ ಮೆಲ್ಲಗೆ ಒಂದು ಪೆಟ್ಟು ಕೊಟ್ಟ. ಸುಯ್ಯೆಂದು ಗಾಳಿ ಒಳನುಗ್ಗಿತು. ಯೋಕ್ ಕಾಯಿಲನ್ನು ಎಳೆದು ತಾಮ್ರದ ಗುಡ್ಡೆಗೆ ಹಾಕಿದ, ಆಲಿಕೆಯನ್ನು ಒಡೆದು ಒಳಗಿನ ಕಬ್ಬಿಣದ ಜಾಲರಿಯನ್ನು ಕಿತ್ತುಕೊಂಡ, ಉಳಿದ ಗಾಜನ್ನು ಪೊರಕೆಯಲ್ಲಿ ಗುಡಿಸಿ ಸಿಮೆಂಟ್ ಚೀಲಕ್ಕೆ ತುಂಬಿದ. ಬೂದುಬಣ್ಣದ ದೂಳು ಅವನ ಮೊಣಕೈವರೆಗೂ ಮೆತ್ತಿತ್ತು. ಅದೇ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಚಿತ್ರಾನ್ನದ ಪೊಟ್ಟಣ ಬಿಚ್ಚಿದ. ಗಾಜನ್ನು ಏನು ಮಾಡುತ್ತೀಯಪ್ಪಾ ಎಂದು ಕೇಳಿದ್ದಕ್ಕೆ, ‘ಅದನ್ನ ಯಾರೂ ತಗಳಲ್ಲ ಸಾರ್, ಕಾಲುವೆ ಕಡೆ ಸುರೀತೀವಿ’ ಎಂದ.

ಸಮಸ್ಯೆಯ ಬೇರು ಆ ಹುಡುಗನ ಮಾತಿನಲ್ಲೇ ಇದೆ. ಟ್ಯೂಬ್ ತಯಾರಿಕೆ ನಡೆಯುತ್ತಿದ್ದ ಕಾಲದಲ್ಲಿ ಹಳೆಯ ಗಾಜನ್ನು ಕರಗಿಸಿ ಹೊಸ ಟ್ಯೂಬ್ ಮಾಡುತ್ತಿದ್ದರು. ಗುಜರಾತಿನ ಭರೂಚ್‌ನ ಕಾರ್ಖಾನೆಗೆ ಅಮೆರಿಕದಿಂದಲೂ ಗಾಜು ಬರುತ್ತಿತ್ತು. ಎಲ್‌ಇಡಿ ಟಿ.ವಿ. ಬಂದ ಮೇಲೆ ಆ ಬೇಡಿಕೆ ಸತ್ತುಹೋಯಿತು. ಇ–ತ್ಯಾಜ್ಯದ ನಿಯಮಗಳು 2012ರಿಂದಲೂ ಜಾರಿಯಲ್ಲಿದ್ದು, ಟಿ.ವಿ.ಗೂ ಅನ್ವಯಿಸುತ್ತವೆ. ಆದರೆ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ಮರುಬಳಕೆದಾರರಿಗೆ, ತಯಾರಕರು ದುಡ್ಡು ಕೊಟ್ಟು ಕೊಳ್ಳುವ ಪ್ರಮಾಣಪತ್ರ ದೊರೆಯುವುದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂಗಳ ಲೆಕ್ಕದಲ್ಲಿ. ಹೀಗಾಗಿ ಗುಜರಿಯವನಿಗೂ ಸರ್ಕಾರಕ್ಕೂ ತಾಮ್ರ ಕಣ್ಣಿಗೆ ಬೀಳುತ್ತದೆ, ಟಿ.ವಿ.ಯ ತೂಕದ ದೊಡ್ಡ ಪಾಲಾದ ಗಾಜು ಮಾತ್ರ ಯಾರ ಲೆಕ್ಕಕ್ಕೂ ಬಾರದೆ ಕಾಲುವೆ ಸೇರುತ್ತದೆ. ಡಯನೋರಾ, ಸಾಲಿಡೇರ್ ಮುಂತಾದ ಅಂದಿನ ಹೆಸರುಗಳು ಇಂದು ಅಂಗಡಿಗಳಲ್ಲಿ ಕಾಣುವುದಿಲ್ಲವಾದ್ದರಿಂದ, ತಯಾರಕರೇ ನೋಡಿಕೊಳ್ಳಲಿ ಎಂದು ಕೈಚೆಲ್ಲಿ ಕೂರುವಂತೆಯೂ ಇಲ್ಲ.

ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಮಟ್ಟವೇ ಇಲ್ಲವೆಂದೂ, ಚಿಕ್ಕ ಮಕ್ಕಳ ಹೊಟ್ಟೆ ಅದನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮೂಳೆಯಲ್ಲಿ ಕೂತ ಸೀಸ ವರ್ಷಗಟ್ಟಲೆ ಅಲ್ಲೇ ಇದ್ದು, ಹೆಣ್ಣುಮಕ್ಕಳು ಬಸುರಿಯಾದಾಗ ಮತ್ತೆ ರಕ್ತಕ್ಕಿಳಿದು ಕೂಸಿಗೂ ಸೇರುತ್ತದೆ. ಈ ವಿಷದ ಬಗ್ಗೆ ದಶಕಗಳ ಕಾಲ ದುಡಿದ ಡಾ. ತುಪ್ಪಿಲ್ ವೆಂಕಟೇಶ್ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು; ರಕ್ತದಲ್ಲಿನ ಸೀಸವನ್ನು ಅಳೆಯುವ ಅನುಭವ ನಮ್ಮ ರಾಜ್ಯದಲ್ಲೇ ಇದೆ. ಪೆಟ್ರೋಲಿನಿಂದ 2000ದಲ್ಲಿ ಸೀಸ ತೆಗೆದ ದೇಶಕ್ಕೆ ಈ ಗಾಜನ್ನು ಸಂಭಾಳಿಸುವುದು ಅಸಾಧ್ಯವೆಂದು ನಾನು ಒಪ್ಪುವುದಿಲ್ಲ.

ಒಡೆಯಬೇಡಿ ಎಂದು ಗುಜರಿಯವರಿಗೆ ಬುದ್ಧಿ ಹೇಳಿದರೆ ಸಾಲದು, ಒಡೆಯದೆ ತಂದುಕೊಟ್ಟರೆ ನಾಲ್ಕು ಕಾಸು ಹೆಚ್ಚು ಸಿಗುವಂತಾಗಬೇಕು. ನಮ್ಮ ತುಮಕೂರು ಮಹಾನಗರ ಪಾಲಿಕೆಯು ಇಡೀ ಟ್ಯೂಬ್ ಇರುವ ಟಿ.ವಿ.ಯನ್ನು, ಅದರಲ್ಲಿನ ತಾಮ್ರದ ಬೆಲೆಗಿಂತ ತುಸು ಹೆಚ್ಚೇ ಕೊಟ್ಟು, ಗುಜರಿಯವರಿಂದ ನೇರವಾಗಿ ಕೊಳ್ಳಲಿ. ಅಪಾಯಕಾರಿ ತ್ಯಾಜ್ಯವನ್ನು ಭದ್ರವಾಗಿ ಹೂಳುವ ಘಟಕ ಹತ್ತಿರದ ದಾಬಸ್‌ಪೇಟೆಯಲ್ಲೇ ಇದೆ. ಸೀಸದ ಗಾಜನ್ನು ಅಲ್ಲಿಗೆ ಸಾಗಿಸುವ ಖರ್ಚನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಭರಿಸಲಿ. ಅದಕ್ಕೂ ಮೊದಲು, ಗುಜರಿ ಶೆಡ್ಡುಗಳಲ್ಲಿ ದುಡಿಯುವವರ ಹಾಗೂ ಅಲ್ಲೇ ಆಡಿ ಬೆಳೆಯುವ ಮಕ್ಕಳ ರಕ್ತ ಪರೀಕ್ಷೆಯನ್ನು ಜಿಲ್ಲಾ ಆರೋಗ್ಯ ಇಲಾಖೆ ಉಚಿತವಾಗಿ ಮಾಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಚಿತ್ರಾನ್ನದ ಪೊಟ್ಟಣ ಬಿಚ್ಚಿದ ಆ ಹುಡುಗ ಇಂದಿಗೂ ಅಲ್ಲೇ ಕೆಲಸ ಮಾಡುತ್ತಿದ್ದಾನೆ.

– ನಿವೃತ್ತ ಐಟಿಐ ಬೋಧಕ, ತುಮಕೂರು