ಗೆಳೆಯನಿಗೊಂದು ಪತ್ರ: ಆ 416 ಚೀಟಿಗಳು

ಪ್ರೀತಿಯ ಅಧ್ಯಕ್ಷರೇ,

ಹೀಗೆ ಕರೆದೆ ಅಂತ ಉಬ್ಬಬೇಡ. ನೀನು ಅಧ್ಯಕ್ಷ, ನಾನು ಕಾರ್ಯದರ್ಶಿ, ನಮ್ಮ ಇನ್ನೊಬ್ಬ ಗೆಳೆಯ ಖಜಾಂಚಿ ಅಂತ ಮೂರನೇ ಬೆಂಚಿನಲ್ಲಿ ಕೂತು ಮಾಡಿದ ನಿರ್ಣಯ ಇನ್ನೂ ರದ್ದಾಗಿಲ್ಲ, ಅಷ್ಟೇ.

ಮೊನ್ನೆ ಫೋನಿನಲ್ಲಿ, ಪಕ್ಷದೊಳಗಿನ ಚುನಾವಣೆ ಅಂದ್ರೆ ಬರೀ ನಾಟಕ ಕಣೋ ಅಂದೆಯಲ್ಲ, ಆಮೇಲೆ ಸುಮ್ನೆ ಕುತೂಹಲಕ್ಕೆ 2022ರ ಕಾಂಗ್ರೆಸ್ ಅಧ್ಯಕ್ಷರ ಚುನಾವಣೆಯ ಹಳೇ ಸುದ್ದಿಗಳನ್ನು ಓದುತ್ತಾ ಕೂತೆ. ನೀನು ಹೇಳಿದ್ದು ಮುಕ್ಕಾಲು ಪಾಲು ಸರಿ. ಆಗ ರಾಜಸ್ಥಾನದ ಮುಖ್ಯಮಂತ್ರಿಯಾಗಿದ್ದ ಗೆಹ್ಲೋಟ್ ಆಗುತ್ತಾರೆ ಅಂತಿದ್ದರು, ಅಲ್ಲಿನ ಶಾಸಕರು ತಿರುಗಿಬಿದ್ದರು, ಕೊನೇ ಗಳಿಗೆಯಲ್ಲಿ ನಮ್ಮ ಖರ್ಗೆಯವರು ಬಂದರು. ಅವರು ನಾಮಪತ್ರ ಹಾಕಿದ ದಿನವೇ ಫಲಿತಾಂಶ ಗೊತ್ತಾದ ಹಾಗಿತ್ತು. ಶಶಿ ತರೂರ್ ಮಾತ್ರ ಕಣ ಬಿಟ್ಟು ಕದಲಲಿಲ್ಲ.

ಆದರೆ ಆ ಚೀಟಿಯ ಕಥೆ ಕೇಳು. ಬೇಕಾದವರ ಹೆಸರಿನ ಮುಂದೆ '1' ಅಂತ ಬರೆಯಬೇಕು ಅಂದಿದ್ದರು ಮೊದಲು. ಚೀಟಿಯಲ್ಲಿ ಖರ್ಗೆಯವರದ್ದೇ ಒಂದನೇ ನಂಬರು! ಜನ ಗಲಿಬಿಲಿಯಾಗುತ್ತಾರೆ ಅಂತ ತರೂರ್ ಕಡೆಯವರು ತಕರಾರು ತೆಗೆದರು. '1' ಹೋಗಿ ಟಿಕ್ ಮಾರ್ಕ್ ಬಂತು. ಅಕ್ಟೋಬರ್ 17ಕ್ಕೆ ಮತದಾನ. ಭಾರತ್ ಜೋಡೋ ಯಾತ್ರೆಯಲ್ಲಿದ್ದ ರಾಹುಲ್ ಗಾಂಧಿ ನಮ್ಮ ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಸಾಲು ನಿಂತು ಮತ ಹಾಕಿದರು. ಪೆಟ್ಟಿಗೆಗಳೆಲ್ಲ ದಿಲ್ಲಿಗೆ ಹೋದವು. ಎಣಿಸುವ ಮೊದಲು ಎಲ್ಲ ರಾಜ್ಯಗಳ ಚೀಟಿಗಳನ್ನೂ ಒಟ್ಟಿಗೆ ಸುರಿದು ಕಲೆಸಿದರು, ಯಾವ ರಾಜ್ಯ ಯಾರಿಗೆ ಹಾಕಿತು ಅಂತ ತಿಳಿಯಬಾರದು ಅಂತ. ಅಂದರೆ ಭಯ ಇತ್ತು, ಅಲ್ವಾ? ನಾಟಕದಲ್ಲಿ ಯಾರಿಗೆ ಯಾಕೆ ಭಯ ಇರಬೇಕು?

ಖರ್ಗೆಯವರಿಗೆ 7,897. ತರೂರ್‌ಗೆ 1,072. ಅಸಿಂಧು 416.

ಈ 416ರ ಹತ್ತಿರ ಬಂದು ನಿಂತುಬಿಟ್ಟೆ. ಮತ ಹಾಕಿದವರು ಪಕ್ಷದ ಪ್ರತಿನಿಧಿಗಳು, ಊರಿಗೆಲ್ಲ ಮತ ಹಾಕೋದು ಹೇಗೆ ಅಂತ ಹೇಳಿಕೊಡುವ ಜನ. ಇಬ್ಬರೇ ಅಭ್ಯರ್ಥಿಗಳು, ಒಂದೇ ಟಿಕ್. ಕೆಲವರದ್ದು ಕೈ ತಪ್ಪಿರಬಹುದು. ಎಲ್ಲರದ್ದೂ ತಪ್ಪಿತು ಅಂದರೆ ನಾನಂತೂ ನಂಬಲ್ಲ. ದೇಶದ ಚುನಾವಣೆಯಲ್ಲಾದರೆ 2013ರಿಂದ 'ಯಾರೂ ಬೇಡ' ಅನ್ನುವ ನೋಟಾ ಇದೆ, ಇಲ್ಲಿ ಅದೂ ಇರಲಿಲ್ಲ.

ಆ ಚೀಟಿ ನನ್ನ ಕೈಗೆ ಬಂದಿದ್ದರೆ? ತರೂರ್‌ಗೆ ಹಾಕುವ ಧೈರ್ಯ ನನಗಿಲ್ಲ. ಎಷ್ಟೇ ಕಲೆಸಲಿ, ಟಿಕ್ಕಿನ ಬಾಲ ನೋಡಿ ಯಾರೋ ನನ್ನ ಗುರುತು ಹಿಡಿಯುತ್ತಾರೆ ಅನ್ನಿಸುತ್ತದೆ. ಖರ್ಗೆಯವರಿಗೆ ಹಾಕಿದರೆ, ಮೆಚ್ಚಿ ಹಾಕಿದೆನೋ, ಎಲ್ಲರೂ ಹಾಕುತ್ತಾರೆ ಅಂತ ಹಾಕಿದೆನೋ, ನನಗೇ ಗೊತ್ತಾಗಲ್ಲ. ಎರಡಕ್ಕೂ ಟಿಕ್ ಹಾಕಿ, ಹೊರಗೆ ಬಂದು ಇಬ್ಬರಿಗೂ "ನಿಮಗೇ ಹಾಕಿದೆ ಸಾರ್" ಅಂತ ಕೈಮುಗಿಯುತ್ತಿದ್ದೆ. ಸುಳ್ಳೂ ಅಲ್ಲ ನೋಡು.

ಆಫೀಸಿನಲ್ಲಿ ನನ್ನ ಬದುಕು ಹೀಗೇ ನಡೆದಿದೆ. ಮನೆಯಲ್ಲೂ ಹೀಗೇ. ನೀನು ಮತ್ತು ನಮ್ಮ ಖಜಾಂಚಿ ಮಾತು ಬಿಟ್ಟು ಇಷ್ಟು ವರ್ಷ ಆಯ್ತಲ್ಲ, ನಾನು ನಿನ್ನ ಕಡೆ ಅಂತ ನೀನು ನಂಬಿದ್ದೀಯ. ತನ್ನ ಕಡೆ ಅಂತ ಅವನೂ ನಂಬಿದ್ದಾನೆ. ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ ಮಾರಾಯ. ಬರೆದಾಯ್ತು, ಇರಲಿ.

2000ದಲ್ಲಿ ಸೋನಿಯಾ ಗಾಂಧಿಯವರ ಎದುರು ಜಿತೇಂದ್ರ ಪ್ರಸಾದ ನಿಂತಾಗ ಅವರಿಗೆ ಬಿದ್ದದ್ದು 94 ಮತ. ಆ 94 ಜನರಲ್ಲಿ ಒಬ್ಬರನ್ನಾದರೂ ಕಂಡು ಮಾತಾಡಿಸುವ ಆಸೆ ನನಗೆ. ಅವತ್ತು ರಾತ್ರಿ ನಿದ್ದೆ ಬಂತಾ ಅಂತ ಕೇಳಬೇಕು. ಹಾಗೆ ನೋಡಿದರೆ ತರೂರ್‌ಗೇನೂ ಆಗಲಿಲ್ಲ, 2023ರಲ್ಲೇ ಪಕ್ಷದ ಕಾರ್ಯಕಾರಿ ಸಮಿತಿಗೆ ತಗೊಂಡರು. 2024ರ ಲೋಕಸಭೆ ಚುನಾವಣೆಯಲ್ಲಿ ಪಕ್ಷ 52 ಸೀಟಿನಿಂದ 99ಕ್ಕೆ ಏರಿತು. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಟಿವಿಯವರು ಕಿತ್ತಾಡಲಿ.

ನನಗೆ ಸರಿಹೊಂದುವುದು ಬಿಜೆಪಿಯ ಪದ್ಧತಿ ಅನ್ನಿಸುತ್ತೆ. 2020ರಲ್ಲಿ ಅಧ್ಯಕ್ಷರಾಗಿ ನಡ್ಡಾ ಅವಿರೋಧ ಆಯ್ಕೆ, ಲೋಕಸಭೆ ಚುನಾವಣೆ ಹತ್ತಿರ ಬಂದಾಗ ಅವಧಿ ವಿಸ್ತರಣೆ. ಚೀಟಿಯೇ ಇಲ್ಲ! ನನ್ನಂಥವನಿಗೆ ಇನ್ನೇನು ಬೇಕು.

ಖಜಾಂಚಿಯೂ ಇದನ್ನು ಓದುತ್ತಾನೆ. ಅವನು ಫೋನ್ ಮಾಡಿದರೆ, ಇದು ಪೂರ್ತಿ ಕಾಂಗ್ರೆಸ್ ಬಗ್ಗೆ ಬರೆದದ್ದು ಅಂತ ನೀನೇ ಹೇಳಿಬಿಡು. ಉಳಿದವರೂ ಕೇಳಿ: ಲೈಕ್ ಒತ್ತಿದರೆ ಹೆಸರು ಕಾಣುತ್ತದೆ, ಇಲ್ಲಿ ಚೀಟಿ ಕಲೆಸುವವರು ಯಾರೂ ಇಲ್ಲ.

ನಿನ್ನ (ಮತ್ತು ಅವನ),
ಕಾರ್ಯದರ್ಶಿ